ಕರೆಂಟು ಬಂದ ಮೇಲೆ

ಇಬ್ಬರೂ ಸಿವಿಲ್ ಎಂಜಿನಿಯರುಗಳು. ಒಬ್ಬರು ಕುವೈತಿನ ಜಹ್ರಾದಲ್ಲಿ ಹಳಬರು. ಮನೆ ಕಟ್ಟಿಸುವವರ ಪರವಾಗಿ ಕೆಲಸದ ಮೇಲ್ವಿಚಾರಣೆ ಮಾಡುವ ಕಚೇರಿಯಲ್ಲಿದ್ದಾರೆ. ಇನ್ನೊಬ್ಬರು ಕರ್ನಾಟಕದ ಮಹಾನಗರ ಪಾಲಿಕೆಯೊಂದರಲ್ಲಿ ಸಹಾಯಕ ಎಂಜಿನಿಯರ್. ರಜೆ ಹಾಕಿ ತಮ್ಮನ ಮನೆಗೆ ಬಂದವರು. ಅವರು ಒಬ್ಬರನ್ನೊಬ್ಬರು ಕರೆದಂತೆಯೇ ಇಲ್ಲೂ ಅಣ್ಣ, ತಂಗಿ ಎಂದಿದೆ.

ತಂಗಿ: ಮುತ್ಲಾದಲ್ಲಿ ಇವತ್ತು ನೋಡಿದ್ದು ತಲೆಯಿಂದ ಇಳೀತಾನೇ ಇಲ್ಲ ಅಣ್ಣ. ಕಣ್ಣು ಹಾಯಿಸಿದಷ್ಟು ದೂರ ಅರ್ಧ ಎದ್ದ ಮನೆಗಳು. ಇಷ್ಟನ್ನೂ ಬಂದು ಪರಿಶೀಲನೆ ಮಾಡೋರು ಯಾರು?

ಅಣ್ಣ: ದಕ್ಷಿಣ ಮುತ್ಲಾ ಒಂದರಲ್ಲೇ 28 ಸಾವಿರಕ್ಕೂ ಹೆಚ್ಚು ನಿವೇಶನ, ಒಂದೊಂದೂ 400 ಚದರ ಮೀಟರ್. ಸರ್ಕಾರ ನಿವೇಶನ ಕೊಟ್ಟು, 70 ಸಾವಿರ ದಿನಾರ್ ಸಾಲ ಕೊಟ್ಟು, ಇನ್ನು ನೀನೇ ಕಟ್ಟಿಕೋ ಅಂತ ಬಿಟ್ಟಿದೆ. ಸಾಲ ಹಂತ ಹಂತವಾಗಿ ಬಿಡುಗಡೆ ಆಗೋದರಿಂದ ಎಷ್ಟು ಎದ್ದಿದೆ ಅನ್ನೋ ಲೆಕ್ಕವಂತೂ ಇರುತ್ತೆ. ಕಂಬಿ, ಕಾಂಕ್ರೀಟು ದಿನಾ ನೋಡೋದು ನಮ್ಮಂಥ ಕಚೇರಿಯವರು. ಬಲದಿಯಾ, ಅಂದರೆ ಇಲ್ಲಿನ ಪಾಲಿಕೆಯ ಇನ್‌ಸ್ಪೆಕ್ಟರ್ ಮಧ್ಯೆ ಯಾವಾಗಲಾದರೂ ಬರಬಹುದು. ತಪ್ಪದೇ ಬರೋದು ಕೊನೆಗೆ, ಕರೆಂಟಿನ ಸರ್ಟಿಫಿಕೇಟು ಕೇಳಿದಾಗ. ಮಂಜೂರಾದ ನಕ್ಷೆಗೂ ಕಟ್ಟಿದ್ದಕ್ಕೂ ತಾಳೆ ಹಾಕಿ ನೋಡ್ತಾರೆ. ಸರಿ ಇದ್ದರೆ ಕಾಗದ, ಕಾಗದ ಇದ್ದರೆ ಮೀಟರು.

ತಂಗಿ: ಮೀಟರು ಸಿಗದಿದ್ದರೆ ಪಕ್ಕದ ಮನೆಯಿಂದ ವೈರ್ ಎಳೀತಾರೆ, ನಮ್ಮಲ್ಲಾದರೆ.

ಅಣ್ಣ: ಪಕ್ಕದ ಮನೆಯ ವೈರಿನಲ್ಲಿ ಬಲ್ಬು ಉರಿಸಬಹುದು ತಂಗಿ, ಎಂಟು ಏಸಿ ಓಡಿಸೋಕಾಗುತ್ತಾ? 2016ರ ಜುಲೈನಲ್ಲಿ ಇದೇ ಜಹ್ರಾ ಪ್ರಾಂತ್ಯದ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಇಲ್ಲಿ ಮೀಟರಿಲ್ಲದ ಮನೆ ಮನೆಯೇ ಅಲ್ಲ. ಹಾಗಾಗಿ ಇನ್‌ಸ್ಪೆಕ್ಟರ್‌ ಕೈಯಲ್ಲಿರೋ ದೊಡ್ಡ ಅಸ್ತ್ರ ದಂಡದ ಪುಸ್ತಕ ಅಲ್ಲ, ಆ ಒಂದು ಕಾಗದ.

ತಂಗಿ: ಅದೇ ಅಸ್ತ್ರ ನಮ್ಮ ಕೈಗೂ ಬಂತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಹೇಳಿತಲ್ಲ, ಓಸಿ (ಸ್ವಾಧೀನ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂತ. ಮಾರನೇ ವರ್ಷ ಬೆಸ್ಕಾಂ, ಹೆಸ್ಕಾಂನವರು ಹೊಸ ಕನೆಕ್ಷನ್ ನಿಲ್ಲಿಸಿದ್ದೇ ತಡ, ನಮ್ಮ ಆಫೀಸಿನ ಮುಂದೆ ಜಾತ್ರೆ. ಹತ್ತು ವರ್ಷದಿಂದ ಓಸಿ ಅಂದರೇನು ಅಂತಲೇ ಕೇಳದಿದ್ದ ಜನ ಫೈಲು ಹಿಡಿದು ನಿಂತಿದ್ದರು. ಆಮೇಲೆ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ತರ್ಟಿ ಫಾರ್ಟಿ ಸೈಟು ಅಂದರೆ ನಮ್ಮ ಊರುಗಳ ಮುಕ್ಕಾಲು ಮನೆ ಅದೇ.

ಅಣ್ಣ: ವಿನಾಯಿತಿ ತಪ್ಪು ಅಂತೀಯಾ?

ತಂಗಿ: ಪೂರಾ ತಪ್ಪು ಅನ್ನಲ್ಲ. ಸೆಟ್‌ಬ್ಯಾಕ್ ಅರ್ಧ ಅಡಿ ಕಮ್ಮಿ ಆಯ್ತು ಅಂತ ಬಡವನ ಮನೆ ಕತ್ತಲಲ್ಲಿ ಇಡೋದು ಯಾವ ನ್ಯಾಯ? ಆದರೆ ನಾವು ಆ ಮನೆಗೆ ಹೋಗೋಕೆ ಇದ್ದ ಒಂದೇ ನೆಪವೂ ಅದರ ಜೊತೆಗೇ ಹೋಯ್ತು. ನನಗೆ ಹೊಟ್ಟೆ ಉರಿಯೋದು ಅಲ್ಲಿ.

ಅಣ್ಣ: ಹೋದರೆ ಏನು ನೋಡಬೇಕು ಅಂತ ನಿನಗೆ ಕಲಿಸಿದೋರು ಯಾರು? ಛೇಡಿಸೋಕೆ ಕೇಳ್ತಿಲ್ಲ, ನಿಜವಾಗಿ ಕೇಳ್ತಿದೀನಿ.

ತಂಗಿ: ಕಾಲೇಜಲ್ಲಿ ಡಿಸೈನ್ ಕಲಿಸಿದರು. ಕೆಲಸಕ್ಕೆ ಸೇರೋಕೆ ಬರೆದ ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನದ ಪತ್ರಿಕೆಯೂ ಇತ್ತು. ಪ್ರೊಬೇಷನ್ ಮುಗಿಸೋಕೆ ಇಲಾಖಾ ಪರೀಕ್ಷೆ, ಅದರಲ್ಲಿ ಅಕೌಂಟ್ಸ್ ಹೈಯರ್. ಅಂದರೆ ಬಿಲ್ ಬರೆಯೋದರಲ್ಲಿ ತಪ್ಪಾದರೆ ಸರ್ಕಾರಕ್ಕೆ ನಷ್ಟ ಅಂತ ಯಾರೋ ಯೋಚನೆ ಮಾಡಿ ಪರೀಕ್ಷೆ ಇಟ್ಟಿದ್ದಾರೆ. ಮೆಟ್ಟಿಲು ನೋಡೋದರಲ್ಲಿ ತಪ್ಪಾದರೆ ಯಾರಿಗೆ ನಷ್ಟ ಅನ್ನೋದಕ್ಕೆ ಪತ್ರಿಕೆ ಇಲ್ಲ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ, ತರಬೇತಿಗೆ ಹೋಗಿದ್ದೆ, ಒಳ್ಳೆಯ ಪಾಠವೇ. ಆದರೆ ಪಾಠ ಕೇಳಿ ವಾಪಸು ಬಂದ ದಿನ ನನ್ನ ಟೇಬಲ್ ಮೇಲೆ ಇದ್ದದ್ದು ಚರಂಡಿ ಹೂಳು, ಬೀದಿದೀಪ, ಮತದಾರರ ಪಟ್ಟಿ.

ಅಣ್ಣ: ಹಳ್ಳಿ ಕಡೆ?

ತಂಗಿ: ಹಳ್ಳಿ ಕಡೆ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್. ಮನೆ ಕಟ್ಟೋಕೆ ಅನುಮತಿ ಕೊಡೋದು ಗ್ರಾಮ ಪಂಚಾಯಿತಿ, ಕಡತ ನಡೆಸೋದು ಪಿಡಿಒ. ಪಿಡಿಒ ಆಗೋಕೆ ಯಾವುದೇ ಪದವಿ ಸಾಕು. ಕನ್ನಡ ಎಂಎ ಮಾಡಿದವರು ಇದ್ದಾರೆ, ಬಿಎಸ್ಸಿ ಕೃಷಿ ಮಾಡಿದವರು ಇದ್ದಾರೆ. ಅವರನ್ನು ಆಡಿಕೊಳ್ಳಲ್ಲ ನಾನು, ನೂರೆಂಟು ಕೆಲಸ ಅವರ ತಲೆ ಮೇಲೆ. ಆದರೆ ಬೆಂಗಳೂರಿನ ಅಂಚಿನಲ್ಲಿ ಪಂಚಾಯಿತಿ ಲೈಸೆನ್ಸಿನ ಮೇಲೆ ಎದ್ದ ಅಪಾರ್ಟ್‌ಮೆಂಟುಗಳನ್ನು ನೀವು ನೋಡಿದೀರಲ್ಲ?

ಅಣ್ಣ: ನೋಡಿದೀನಿ. ಒಂದರಲ್ಲಿ ನನ್ನ ಬಾಮೈದ ಇದ್ದಾನೆ.

ತಂಗಿ: ಇಲ್ಲಿ ಹಾಗಿಲ್ಲ ಅಲ್ವಾ? ಸರ್ಟಿಫಿಕೇಟು ವಿಷಯದಲ್ಲಿ ಕುವೈತ್ ಭಾರೀ ಬಿಗಿ ಅಂತ ನನ್ನ ತಮ್ಮ ಹೇಳ್ತಿರ್ತಾನೆ.

ಅಣ್ಣ: ಬಿಗಿ ಅನ್ನೋದು ಸಣ್ಣ ಮಾತು. 2018ರಲ್ಲಿ ಒಂದು ನಿಯಮ ಬಂತು. ಎಂಜಿನಿಯರ್ ಅಂತ ಇಖಾಮಾ (ವಾಸದ ಪರವಾನಗಿ) ನವೀಕರಣ ಆಗಬೇಕಾದರೆ ಕುವೈತ್ ಸೊಸೈಟಿ ಆಫ್ ಎಂಜಿನಿಯರ್ಸ್‌ನಿಂದ ಎನ್‌ಓಸಿ ಬೇಕು. ಭಾರತದವರಾದರೆ ಓದಿದ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ! ಅದಕ್ಕೂ ಮುಂಚೆ ಪಾಸಾದವರು ಏನು ಮಾಡಬೇಕು? ಒಳ್ಳೊಳ್ಳೆಯ ಹಳೇ ಕಾಲೇಜುಗಳವರೂ ಸಿಕ್ಕಿಹಾಕಿಕೊಂಡರು. ಇಪ್ಪತ್ತು ವರ್ಷ ಸೇತುವೆ ಕಟ್ಟಿದವರು ಕಾಗದದ ಮೇಲೆ ಸೂಪರ್‌ವೈಸರ್, ಟೆಕ್ನಿಷಿಯನ್ ಅಂತ ಬದಲಾದರು. ದೆಹಲಿಯವರೆಗೂ ಹೋಯ್ತು ಅಹವಾಲು.

ತಂಗಿ: ಅಂದರೆ ಕಾಲೇಜಿಗೆ ಪರೀಕ್ಷೆ, ಮನುಷ್ಯನಿಗಲ್ಲ.

ಅಣ್ಣ: ಹೌದು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ ಅನ್ನಲಾರೆ, ನಕಲಿ ಡಿಗ್ರಿಯವರೂ ಇದ್ದರು. ಆದರೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಓದಿದ ಜಾಗ ನೋಡಿ ಐವತ್ತನೇ ವಯಸ್ಸಿನ ಕಣ್ಣನ್ನು ಅಳೆಯೋದು ಹೇಗೆ?

ತಂಗಿ: ಅಮೆರಿಕದಲ್ಲಿ ಒಂದು ಪದ್ಧತಿ ಇದೆ, ಓದಿ ಸಂತೋಷಪಟ್ಟಿದ್ದೆ. ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ನಡೆಸೋ ಇನ್‌ಸ್ಪೆಕ್ಟರ್ ಪರೀಕ್ಷೆಯನ್ನು ಕೋಡ್ ಪುಸ್ತಕ ಮುಂದಿಟ್ಟುಕೊಂಡೇ ಬರೀಬಹುದು. ಮನೆಗೆ, ದೊಡ್ಡ ಕಟ್ಟಡಕ್ಕೆ, ಪ್ಲಂಬಿಂಗಿಗೆ, ಎಲೆಕ್ಟ್ರಿಕಲ್ಲಿಗೆ ಬೇರೆ ಬೇರೆ ಪರೀಕ್ಷೆ. ಬಾಯಿಪಾಠ ಬೇಡ, ಯಾವ ನಿಯಮ ಎಲ್ಲಿದೆ ಅಂತ ಹುಡುಕೋಕೆ ಬರಬೇಕು, ಮುಂದಿರೋ ಗೋಡೆಗೆ ಅದು ಅನ್ವಯ ಆಗುತ್ತೋ ಇಲ್ಲವೋ ಹೇಳೋಕೆ ಬರಬೇಕು. ಮೂರು ವರ್ಷಕ್ಕೊಮ್ಮೆ ನವೀಕರಣ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರಲ್ಲಿ ಪರಿಷ್ಕರಣೆ ಆಗಿದೆ, ಎರಡು ದಪ್ಪ ಸಂಪುಟ. ನಾನು ಕಂಡ ಒಂದು ಕಚೇರಿಯಲ್ಲಿ ಅದು ಬೀರುವಿನಲ್ಲಿ ಇತ್ತು, ಬೀರುವಿನ ಕೀಲಿ ವರ್ಗ ಆಗಿ ಹೋದವರ ಹತ್ತಿರ.

ಅಣ್ಣ: (ನಗುತ್ತಾ) ಕೀಲಿ ಇದ್ದಿದ್ದರೂ ಓದೋಕೆ ಪುರುಸೊತ್ತು ಬೇಕಲ್ಲ. ಹೋಗಲಿ, ನಿನ್ನ ಕಣ್ಣು ಪಳಗಿದ್ದು ಹೇಗೆ?

ತಂಗಿ: ಸೈಟಿನಲ್ಲಿ ನಿಂತು ನಿಂತು. ಕಾಲಂ ರಿಂಗಿನ ಕೊಕ್ಕೆ ನಕ್ಷೆಯಲ್ಲಿ 135 ಡಿಗ್ರಿ ಒಳಕ್ಕೆ ಬಗ್ಗಿರುತ್ತೆ. ಬಾರ್ ಬೆಂಡರ್‌ಗಳು 90ಕ್ಕೇ ನಿಲ್ಲಿಸ್ತಾರೆ, ಬಗ್ಗಿಸೋಕೆ ಸಲೀಸು, ಕಟ್ಟೋಕೂ ಸಲೀಸು. ಭಾರ ಬಿದ್ದಾಗ ಮೊದಲು ಬಿಚ್ಚಿಕೊಳ್ಳೋದು ಅದೇ ಕೊಕ್ಕೆ. ಇನ್ನು ರಿಂಗಿನ ಅಂತರ. ಇನ್‌ಸ್ಪೆಕ್ಷನ್‌ಗೆ ಬಂದವರು ಎದೆ ಎತ್ತರದಲ್ಲಿ ಟೇಪು ಹಿಡೀತಾರೆ ಅಂತ ಮೇಸ್ತ್ರಿಗೆ ಗೊತ್ತು, ಅಲ್ಲಿ ಅಚ್ಚುಕಟ್ಟಾಗಿ ಕಟ್ಟಿರ್ತಾನೆ. ನೋಡಬೇಕಾದ್ದು ಬುಡ ಮತ್ತು ತಲೆ, ಬೀಮು ಬಂದು ಕೂರೋ ಜಾಗ. ಅಲ್ಲಿಗೆ ಏಣಿ ಹತ್ತಬೇಕು. ಕವರ್ ಬ್ಲಾಕ್ ಇಟ್ಟಿಲ್ಲ ಅಂದರೆ ಕಂಬಿ ಸೆಂಟ್ರಿಂಗ್ ಹಲಗೆ ಮೇಲೇ ಮಲಗಿರುತ್ತೆ, ಐದು ಮಳೆಗಾಲಕ್ಕೆ ತುಕ್ಕು. ಇದೆಲ್ಲ ಕಾಂಕ್ರೀಟು ಬೀಳೋ ಹಿಂದಿನ ಸಂಜೆ ಕಾಣುತ್ತೆ, ಮಾರನೇ ದಿನ ದೇವರಿಗೂ ಕಾಣಲ್ಲ.

ಅಣ್ಣ: ಇಲ್ಲಿ ಆ ಸಂಜೆಯೂ ಇಲ್ಲ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಆ ಬಿಸಿಲಿಗೆ ಕಾಂಕ್ರೀಟನ್ನೂ ಸುರಿಯೋ ಹಾಗಿಲ್ಲ. ಹಾಗಾಗಿ ಸ್ಲ್ಯಾಬು ಬೀಳೋದು ರಾತ್ರಿ. ಲಾರಿ ಬಂದು ಸಾಲಾಗಿ ನಿಲ್ಲುತ್ತೆ. ಸ್ಲಂಪ್ ಕೋನು ಮೂವತ್ತು ಸೆಂಟಿಮೀಟರ್ ಎತ್ತರ. ಮೂರು ಪದರ ತುಂಬಿ, ಪದರಕ್ಕೆ 25 ಸಲ ಕಂಬಿಯಿಂದ ಚುಚ್ಚಿ, ಮೆಲ್ಲಗೆ ಎತ್ತಿದರೆ ಎಷ್ಟು ಕುಸೀತು ಅಂತ ಗೊತ್ತಾಗುತ್ತೆ. ಕಮ್ಮಿ ಕುಸಿದರೆ ಪಂಪಿನವನು ಕೂಗ್ತಾನೆ, ನೀರು ಬಿಡು ಅಂತ. ಡ್ರೈವರಿನ ಕೈ ಪೈಪಿನ ಮೇಲೇ ಇರುತ್ತೆ. ಆ ಕೈ ತಡೆಯೋಕೆ ಒಬ್ಬ ಅಲ್ಲಿರಬೇಕು. ಬೆಳಗ್ಗೆ ಆಫೀಸು ತೆರೆದ ಮೇಲೆ ಬರೋ ಇನ್‌ಸ್ಪೆಕ್ಟರಿಗೆ ಸ್ಲ್ಯಾಬು ಬೆಳ್ಳಗೆ, ನೀಟಾಗಿ ಕಾಣುತ್ತೆ. 28 ದಿನ ಆದ ಮೇಲೆ ಕ್ಯೂಬ್ ಒಡೆದಾಗ ಸತ್ಯ ಗೊತ್ತಾಗಬೇಕು, ಆ ಕ್ಯೂಬೂ ಅದೇ ಲಾರಿಯದ್ದಾಗಿದ್ದರೆ.

ತಂಗಿ: ಆ ರಾತ್ರಿ ಅಲ್ಲಿ ನಿಂತಿರೋದು ನೀವು.

ಅಣ್ಣ: ನಾನು ಅಥವಾ ನನ್ನಂಥವರು. ನಮಗೆ ದುಡ್ಡು ಕೊಡೋದು ಮನೆ ಯಜಮಾನ. ಅವನ ಮನೆ, ಅವನೇ ಇರ್ತಾನೆ, ಹಾಗಾಗಿ ಇಲ್ಲಿ ಪರವಾಗಿಲ್ಲ. ಬಾಡಿಗೆಗೆ ಕಟ್ಟೋ ಕಟ್ಟಡದಲ್ಲಿ ಯಜಮಾನ ಇರಲ್ಲ, ಇರೋರು ಯಾರು ಅಂತ ಅವನಿಗೆ ಗೊತ್ತೂ ಇರಲ್ಲ. ನಿಮ್ಮ ಬೆಂಗಳೂರಿನ ನಂಬಿಕೆ ನಕ್ಷೆಯೂ ಇದೇ ಥರ ಅಲ್ವಾ?

ತಂಗಿ: ನಮ್ಮದು 2024ರಲ್ಲಿ ಶುರು. ನೋಂದಾಯಿತ ಆರ್ಕಿಟೆಕ್ಟ್, ಎಂಜಿನಿಯರ್ ನಕ್ಷೆ ಹಾಕಿದರೆ ತಾತ್ಕಾಲಿಕ ಮಂಜೂರಾತಿ ಕೈಗೆ, ಪಾಲಿಕೆ ಆಮೇಲೆ ಪರಿಶೀಲಿಸುತ್ತೆ. ಟೇಬಲ್ಲಿಂದ ಟೇಬಲ್ಲಿಗೆ ಅಲೆಯೋದು ತಪ್ಪಿತು, ಅದು ದೊಡ್ಡದೇ. ಆದರೆ ಗೊತ್ತಲ್ಲ, ಆರ್ಕಿಟೆಕ್ಟರಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್ ಇದೆ. ಎಂಜಿನಿಯರಿಗೆ ದೇಶದ ಮಟ್ಟದಲ್ಲಿ ಅಂಥ ಕಾಯ್ದೆಯೇ ಇಲ್ಲ. ತಪ್ಪು ಮಾಡಿದರೆ ಪಾಲಿಕೆ ಪಟ್ಟಿಯಿಂದ ಹೆಸರು ಹೊಡೀತಾರೆ, ಪಕ್ಕದ ಊರಿನ ಪಟ್ಟಿಯಲ್ಲಿ ಸೇರಿಸಿಕೊಳ್ತಾನೆ.

ಅಣ್ಣ: ಇಂಗ್ಲೆಂಡಿನವರು ಅದನ್ನೇ ಹಿಡಿದರು ನೋಡು. ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತಿದ್ದು 2017ರ ಜೂನ್ 14. ಐದು ವರ್ಷಕ್ಕೆ ಕಾಯ್ದೆ ಆಯ್ತು. 2024ರ ಏಪ್ರಿಲ್‌ನಿಂದ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಅಂದರೆ ನೋಂದಣಿ ಕಡ್ಡಾಯ. ನಾಲ್ಕು ದರ್ಜೆ, ಮೊದಲನೇದು ಕಲಿಯುವವರದ್ದು, ಅವರು ಇನ್ನೊಬ್ಬರ ಕೈಕೆಳಗೇ ನೋಡಬೇಕು. ನಾಲ್ಕು ವರ್ಷಕ್ಕೆ ನೋಂದಣಿ ಮುಗಿಯುತ್ತೆ. ಪಟ್ಟಿ ಸಾರ್ವಜನಿಕ, ಯಾರು ಬೇಕಾದರೂ ಹೆಸರು ಹುಡುಕಬಹುದು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಏನು ಗೊತ್ತಾ? ಎತ್ತರದ ವಸತಿ ಕಟ್ಟಡಗಳಿಗೆ ತನಗೆ ಬೇಕಾದ ಇನ್‌ಸ್ಪೆಕ್ಟರನ್ನು ಬಿಲ್ಡರೇ ಆರಿಸಿಕೊಳ್ಳೋದು ನಿಂತಿತು. 18 ಮೀಟರ್ ಅಥವಾ ಏಳು ಮಹಡಿ ಮುಟ್ಟಿದರೆ ನೋಡೋದು ನಿಯಂತ್ರಣ ಸಂಸ್ಥೆಯೇ.

ತಂಗಿ: ಅಲ್ಲೂ ಸಲೀಸಾಗಿ ಆಗಲಿಲ್ಲವಂತಲ್ಲ. ಹಳಬರು ಈ ವಯಸ್ಸಲ್ಲಿ ಪರೀಕ್ಷೆಯಾ ಅಂತ ಗೊಣಗಿದರು, ಕೊನೆಗೆ ಸಾಮರ್ಥ್ಯದ ಪರೀಕ್ಷೆ ಮುಗಿಸೋಕೆ ಜುಲೈವರೆಗೆ ಗಡುವು ಮುಂದೂಡಿದರು. ನಮ್ಮವರೇ ಗೊಣಗೋದು ಅಂದುಕೊಂಡಿದ್ದೆ, ಸಮಾಧಾನ ಆಯ್ತು.

ಅಣ್ಣ: ಸರಿ, ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಕರಾರು ಕೇಳು. ಇದೆಲ್ಲ ಕಟ್ಟಡ ಏಳೋ ಕಾಲದ ಮಾತು. ಜನ ಸಾಯೋದು ಆಮೇಲೆ. 2024ರ ಜೂನ್ 12, ಇದೇ ಕುವೈತಿನ ಮಂಗಾಫ್. ಬೆಳಗಿನ ಜಾವ, ಎಲ್ಲ ನಿದ್ದೆಯಲ್ಲಿ. ಬೆಂಕಿ ಹತ್ತಿದ್ದು ಕೆಳಗಡೆ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ ಇರೋ ಕೋಣೆಯಲ್ಲಿ, ಶಾರ್ಟ್ ಸರ್ಕ್ಯೂಟು. ಒಳಗೆ ಇದ್ದದ್ದು 190ಕ್ಕೂ ಹೆಚ್ಚು ಕಾರ್ಮಿಕರು. ಸುಮಾರು 50 ಜನ ಹೋದರು, ಹೆಚ್ಚಿನವರು ನಮ್ಮ ದೇಶದವರು, ಅದರಲ್ಲೂ ಮಲಯಾಳಿಗಳು. ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಬೆಂದು ಸತ್ತವರಿಗಿಂತ ಹೊಗೆ ಕುಡಿದು ಸತ್ತವರು ಹೆಚ್ಚು. ಕೋಣೆಗಳ ಮಧ್ಯೆ ಹಾಕಿದ್ದ ಪಾರ್ಟಿಷನ್ ಬೇಗ ಉರಿಯೋ ವಸ್ತುವಿನದ್ದು, ಮೆಟ್ಟಿಲ ತುಂಬ ಹೊಗೆ, ತಾರಸಿ ಬಾಗಿಲಿಗೆ ಬೀಗ. ಇದು ಅಗ್ನಿಶಾಮಕ ದಳದವರೇ ಹೇಳಿದ್ದು.

ತಂಗಿ: ಬಲದಿಯಾದವರ ಮೇಲೆ ಕ್ರಮ ಆಯ್ತಲ್ಲ?

ಅಣ್ಣ: ಕೆಲವು ಅಧಿಕಾರಿಗಳ ಅಮಾನತು ಆಯ್ತು, ಕಟ್ಟಡದ ಮಾಲೀಕನ ಬಂಧನಕ್ಕೆ ಆದೇಶ ಆಯ್ತು. ವಾರಗಟ್ಟಲೆ ಊರೂರಲ್ಲಿ ತಪಾಸಣೆ. ಬೇಸ್‌ಮೆಂಟಿನಲ್ಲಿ ಗೋಡೌನು ಮಾಡಿದವರಿಗೆಲ್ಲ ಮುಖಾಲಫಾ, ಅಂದರೆ ಉಲ್ಲಂಘನೆಯ ದಂಡ ಬಿತ್ತು. ಆದರೆ ಯೋಚನೆ ಮಾಡು. ಪಾರ್ಟಿಷನ್ ನಕ್ಷೆಯಲ್ಲಿ ಬರೋ ಗೋಡೆ ಅಲ್ಲ. ಬೀಗ ನಕ್ಷೆಯಲ್ಲಿ ಕಾಣಲ್ಲ. ಕರೆಂಟಿನ ಕಾಗದ ಕೊಡೋ ದಿನ ನಿನ್ನಂಥ ಚುರುಕು ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ಬಂದಿದ್ದರೂ ಇವು ಎರಡನ್ನೂ ಕಾಣೋದು ಕಷ್ಟ. ಕರೆಂಟು ಬಂದ ಮೇಲೆ ಹುಟ್ಟೋ ಅಪಾಯ ಇದು.

ತಂಗಿ: ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯೂ ಹೀಗೇ. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆ, ಹಾಡಹಗಲು, 9 ಜನ. ತುರ್ತು ಬಾಗಿಲಿಗೆ ಬೀಗ ಅಂತ ಜನ ಕಿಟಕಿ ಒಡೆದು ಹಾರಿದರು. ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿ ಇವತ್ತಿಗೂ ಅದೇ ಮಾತು ಹೇಳ್ತಿದಾರೆ.

ಅಣ್ಣ: ಇನ್ನು ಇದೇ ಜಹ್ರಾ. 2009ರ ಆಗಸ್ಟ್ 15. ಮದುವೆ ಮನೆ, ಹೆಂಗಸರು ಮಕ್ಕಳು ಕೂತಿದ್ದ ಡೇರೆ. ಮದುಮಗನ ಮೊದಲ ಹೆಂಡತಿಯೇ ಬೆಂಕಿ ಇಟ್ಟಿದ್ದು, ಅದು ಬೇರೆ ಕಥೆ, 2017ರಲ್ಲಿ ಅವಳಿಗೆ ಮರಣದಂಡನೆಯೂ ಆಯ್ತು. ಆದರೆ ಐವತ್ತಕ್ಕೂ ಹೆಚ್ಚು ಜೀವ ಹೋಗಿದ್ದು ಡೇರೆಗೆ ಇದ್ದದ್ದು ಒಂದೇ ಬಾಗಿಲು ಅಂತ. ಕೆಲವೇ ನಿಮಿಷದಲ್ಲಿ ಪೂರಾ ಡೇರೆ ಹೋಯ್ತು. ಡೇರೆಗೆ ಯಾವ ನಕ್ಷೆ, ಯಾವ ಓಸಿ?

ತಂಗಿ: ನೀವು ಹೇಳೋದು ಅರ್ಥ ಆಗುತ್ತೆ. ಆದರೆ ಪೂರ್ತಿ ಒಪ್ಪಲ್ಲ. 1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದು 120ಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರ, 19 ಜನ. 2024ರ ಅಕ್ಟೋಬರ್ 22, ಬೆಂಗಳೂರಿನ ಬಾಬುಸಾಪಾಳ್ಯ, 9 ಜನ ಕಾರ್ಮಿಕರು. ಕೊಟ್ಟ ಅನುಮತಿಗಿಂತ ಮಹಡಿ ಹೆಚ್ಚಿಗೆ ಎದ್ದಿತ್ತು. ಇವೆಲ್ಲ ಇನ್ನೂ ಕಟ್ಟುವಾಗಲೇ ಬಿದ್ದವು. ಇಲ್ಲಿ ಟಾರ್ಚು ಹಿಡಿದ ಕಣ್ಣು ಬೇಕೇ ಬೇಕು, ಓದಿದ ಕಣ್ಣು.

ಅಣ್ಣ: ಬಾಬುಸಾಪಾಳ್ಯದಲ್ಲಿ ಮಹಡಿ ಎಣಿಸೋಕೆ ಯಾವ ಓದು ಬೇಕಿತ್ತು?

ತಂಗಿ: ಎಣಿಸೋಕೆ ಬೇಡ. ಎಣಿಸಿದ ಮೇಲೆ ನಿಲ್ಲಿಸೋಕೆ ಬೇಕು. ಗೊತ್ತಾ ನಮ್ಮ ಕಷ್ಟ? ಹೆಚ್ಚುವರಿ ಮಹಡಿ ಕಂಡರೆ ಮೊದಲು ತಾತ್ಕಾಲಿಕ ಆದೇಶ, ಅವರ ಸಮಜಾಯಿಷಿ, ಆಮೇಲೆ ಸ್ಥಿರೀಕರಣ ಆದೇಶ. ಆಫೀಸಲ್ಲಿ ಪಿಒ, ಸಿಒ ಅಂತೀವಿ. ನೋಟಿಸಿನಲ್ಲಿ ಅಳತೆ ಒಂದು ಅಡಿ ತಪ್ಪಿದ್ದರೂ ಅದನ್ನೇ ಹಿಡಿದು ಮೇಲ್ಮನವಿ, ತಡೆಯಾಜ್ಞೆ. ತಡೆಯಾಜ್ಞೆ ಇರೋ ಹೊತ್ತಿಗೆ ಮೇಲಿನ ಮಹಡಿಗೆ ಟೈಲ್ಸ್ ಬಿದ್ದಿರುತ್ತೆ. ಅಕ್ರಮ-ಸಕ್ರಮ ಬರುತ್ತೆ ಅಂತ ಕಾಯೋರು ಬೇರೆ. ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿದ್ದರೂ ಆಸೆ ಬಿಟ್ಟಿಲ್ಲ. ಕೋರ್ಟಿನಲ್ಲಿ ನಿಲ್ಲೋ ನೋಟಿಸು ಬರೆಯೋದು ಒಂದು ವಿದ್ಯೆ ಅಣ್ಣ. ತರಬೇತಿಯಲ್ಲಿ ಮೊದಲು ಕಲಿಸಬೇಕಾದ್ದು ಅದು.

ಅಣ್ಣ: ನಾನು ಕಲಿಸಿದರೆ ಮೊದಲ ವಾರ ಹೊಸ ಕಟ್ಟಡಕ್ಕೆ ಕಳಿಸೋದೇ ಇಲ್ಲ. ಹತ್ತು ವರ್ಷದ ಹಳೇ ಕಟ್ಟಡಕ್ಕೆ ಕಳಿಸ್ತೀನಿ. ಕೆಳಗಿಂದ ತಾರಸಿವರೆಗೆ ಮೆಟ್ಟಿಲಲ್ಲೇ ಹತ್ತಿ ಬಾ, ಲಿಫ್ಟು ಬೇಡ, ದಾರಿಯಲ್ಲಿ ಏನೇನು ಕಾಲಿಗೆ ಸಿಕ್ಕಿತು ಬರೆ ಅಂತ. ನಾನಿರೋ ಕಟ್ಟಡದಲ್ಲೇ ಹೇಳ್ತೀನಿ: ಮೊದಲ ಮಹಡಿ ತಿರುವಿನಲ್ಲಿ ಚಪ್ಪಲಿ ಸ್ಟ್ಯಾಂಡು, ಎರಡನೇದರಲ್ಲಿ ಮಗುವಿನ ಸೈಕಲ್ಲು ಮತ್ತು ಒಂದು ಹಳೇ ಹಾಸಿಗೆ, ಮೂರನೇದರಲ್ಲಿ ಖಾಲಿಯೋ ತುಂಬಿದ್ದೋ ಗೊತ್ತಿಲ್ಲದ ಗ್ಯಾಸ್ ಸಿಲಿಂಡರು. ತಾರಸಿ ಬಾಗಿಲ ಕೀಲಿ ಹಾರಿಸ್ ಜೇಬಲ್ಲಿ. ಹಾರಿಸ್ ಸಂಜೆ ಹೊತ್ತು ಕಾರು ತೊಳೆಯೋಕೆ ಹೋಗಿರ್ತಾನೆ.

ತಂಗಿ: ಇದಕ್ಕೆ ಎಂಜಿನಿಯರ್ ಯಾಕೆ? ನಮ್ಮ ಡಿಪ್ಲೊಮಾ ಹುಡುಗರು ಸಾಕು, ವರ್ಷಕ್ಕೊಂದು ಸಲ ಹೋಗಿ ಬರೋ ಅಧಿಕಾರ ಕೊಟ್ಟರೆ.

ಅಣ್ಣ: ಹೋಗಿ ಬರೋ ಅಧಿಕಾರ ಸಾಲದು, ಕೀಲಿ ತೆಗೆಸೋ ಅಧಿಕಾರ ಬೇಕು. ಇಲ್ಲಿ ಕೆಲವು ಇನ್‌ಸ್ಪೆಕ್ಟರುಗಳಿಗೆ ಸ್ಥಳದಲ್ಲೇ ಪ್ರಕರಣ ಬರೆಯೋ ಕಾನೂನು ಅಧಿಕಾರ ಇದೆ, ಅದಕ್ಕೆ ಹೆದರಿಕೆ ಇದೆ. ಹೆದರಿಕೆ ಇರೋ ಕಡೆ ಮಾತುಕತೆಯೂ ಇರುತ್ತೆ, ಅದೂ ನಿಜ. ಅದಕ್ಕೇ ಇಬ್ಬರು ಹೋಗಬೇಕು, ಒಬ್ಬ ಪಾಲಿಕೆಯವನು, ಒಬ್ಬ ಅಗ್ನಿಶಾಮಕದವನು. ಹೋದ ದಿನ, ಕಂಡದ್ದು, ಇಬ್ಬರ ಹೆಸರು ಕಟ್ಟಡದ ಬಾಗಿಲಲ್ಲಿ ಅಂಟಿಸಬೇಕು. ಬಾಡಿಗೆಗೆ ಬರೋನು ಓದಿಕೊಂಡು ಒಳಗೆ ಹೋಗಲಿ.

ತಂಗಿ: ನನ್ನ ಹೆಸರು ಬಾಗಿಲ ಮೇಲೆ ಅಂಟಿಸೋದಕ್ಕೆ ನಾನು ರೆಡಿ. ಆದರೆ ಆ ಹೆಸರಿಗೆ ಎಷ್ಟು ಕಟ್ಟಡ ಅಂತ ಮೊದಲು ಹೇಳಲಿ. ಈಗ ನನಗೆ ಎರಡು ವಾರ್ಡು. ಮಳೆಗಾಲ ಬಂದರೆ ಮೂರು ತಿಂಗಳು ಕಟ್ಟಡ ಅನ್ನೋ ಪದವೇ ಮರೆತುಹೋಗುತ್ತೆ.

ಅಣ್ಣ: ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಅಂತ ಬಂದರೆ? ಇಂಗ್ಲೆಂಡಿನವರ ಥರ, ಪಾಸಾಗದಿದ್ದರೆ ಸಹಿ ಹಾಕೋ ಹಾಗಿಲ್ಲ.

ತಂಗಿ: ಕೂರ್ತೀನಿ. ನನ್ನ ಮೇಲಿನ ಎಕ್ಸಿಕ್ಯುಟಿವ್ ಎಂಜಿನಿಯರೂ ಅದೇ ಹಾಲ್‌ನಲ್ಲಿ ಕೂರಬೇಕು. ಕೋಡ್ ಪುಸ್ತಕ ಮುಂದಿರಬೇಕು. ಅಷ್ಟರೊಳಗೆ ಬೀರುವಿನ ಕೀಲಿ ಸಿಕ್ಕರೆ ಒಳ್ಳೇದು. ಪಾಸಾದ ಮೇಲೆ ಗುಂಡಿ ಮುಚ್ಚೋ ಟೆಂಡರನ್ನು ಇನ್ಯಾರಿಗಾದರೂ ಕೊಡಲಿ. ಎರಡೂ ನಾನೇ ಮಾಡಬೇಕು ಅಂದರೆ ಈಗಲೇ ಹೇಳಿಬಿಡ್ತೀನಿ, ಮೊದಲು ಗುಂಡಿಯೇ ಮುಚ್ಚೋದು. ಗುಂಡಿಗೆ ದಿನಾ ಫೋನ್ ಬರುತ್ತೆ, ತಾರಸಿ ಬೀಗಕ್ಕೆ ಇವತ್ತಿನವರೆಗೂ ಒಬ್ಬರೂ ಫೋನ್ ಮಾಡಿಲ್ಲ.